94ರಲ್ಲೇ ನಿಂತಿದ್ದ ವೇಗ: ಲ್ಯಾನ್ ಕೇಬಲ್ ತೊಂದರೆ ಪತ್ತೆ ಮಾಡಿದ ಬಗೆ

ಡೆಸ್ಕ್‌ಟಾಪ್‌ಗೆ ಕೇಬಲ್ ಎಳೆಯುವುದೇ ವೈಫೈಗಿಂತ ಚೆನ್ನಾಗಿ ವೇಗ ಸಿಗಲಿ ಎಂದು. ನಮ್ಮ ಮನೆಯಲ್ಲಿ ಅದು ತಿರುಗುಮುರುಗಾಗಿತ್ತು. 300 ಎಂಬಿಪಿಎಸ್ ಸಂಪರ್ಕದಲ್ಲಿ ಫೋನ್ ವೈಫೈ ಮೇಲೆ 280ರ ಆಸುಪಾಸು ಓಡುತ್ತಿದ್ದರೆ, ಅದೇ ಮೇಜಿನ ಮೇಲಿದ್ದ ಡೆಸ್ಕ್‌ಟಾಪ್ ಕೇಬಲ್ ಹಾಕಿಕೊಂಡೂ 94 ದಾಟುತ್ತಿರಲಿಲ್ಲ. ಬೆಳಿಗ್ಗೆ ನೋಡಿದರೂ 94, ರಾತ್ರಿ ನೋಡಿದರೂ 94.

ಇಂಥ ಅಂಕಿ ಕಂಡರೆ ನನಗೆ ಅರ್ಧ ಕೆಲಸ ಮುಗಿದ ಹಾಗೆ. ಇಂಟರ್ನೆಟ್ ಕೊಡುವವರ ಕಡೆಯಿಂದ ನಿಧಾನವಾಗಿದ್ದರೆ ವೇಗ ಹೊತ್ತುಹೊತ್ತಿಗೆ ಏರಿಳಿಯುವುದು ಸಾಮಾನ್ಯ. ಮೊಳೆ ಹೊಡೆದಂತೆ 94ರಲ್ಲಿ ನಿಂತಿದೆಯೆಂದರೆ ಎಲ್ಲೋ ಒಂದು ಕಡೆ ಲಿಂಕ್, ಅಂದರೆ ಕೇಬಲ್‌ನ ಎರಡು ತುದಿಯ ಉಪಕರಣಗಳ ನಡುವಿನ ಸಂಪರ್ಕ, 100 ಎಂಬಿಪಿಎಸ್‌ಗೆ ಇಳಿದಿದೆ. ಲೆಕ್ಕ ಸರಳ. ಈಥರ್ನೆಟ್ ಫ್ರೇಮ್ (ಕೇಬಲ್ ಮೇಲೆ ಸಾಗುವ ದತ್ತಾಂಶದ ಕಂತೆ) ಒಂದು 1500 ಬೈಟ್ ಹೊತ್ತರೆ, ಅದರ ಹೆಡರ್ (ವಿಳಾಸದ ಭಾಗ), ಚೆಕ್‌ಸಮ್ (ತಪ್ಪು ಪತ್ತೆಗೆ ಸೇರಿಸುವ ಸಂಖ್ಯೆ), ಪ್ರಿಯಾಂಬಲ್ (ಆರಂಭದ ಸೂಚನೆ), ಎರಡು ಫ್ರೇಮ್‌ಗಳ ನಡುವಿನ ಬಿಡುವು ಎಲ್ಲ ಸೇರಿ ತಂತಿಯ ಮೇಲೆ 1538 ಬೈಟ್‌ಗಳಷ್ಟು ಜಾಗ ಹಿಡಿಯುತ್ತದೆ. ಆ 1500ರಲ್ಲೂ ಇಂಟರ್ನೆಟ್‌ನಲ್ಲಿ ದತ್ತಾಂಶ ಸಾಗಿಸುವ ನಿಯಮಗಳಾದ ಐಪಿ ಮತ್ತು ಟಿಸಿಪಿಯ ಹೆಡರ್‌ಗಳಿಗೆ 40 ಬೈಟ್ ಹೋಗುತ್ತದೆ. ಉಳಿದ 1460ನ್ನು 1538ರಿಂದ ಭಾಗಿಸಿದರೆ ಶೇಕಡಾ 95ರ ಹತ್ತಿರ. ಹಾಗಾಗಿ 100ರ ಲಿಂಕ್ ಕೈಗೆ ಕೊಡುವುದು 94–95, ಗಿಗಾಬಿಟ್ (1000 ಎಂಬಿಪಿಎಸ್) ಲಿಂಕ್ ಕೊಡುವುದು 940ರ ಸುಮಾರು.

ಸ್ಪೀಡ್ ಟೆಸ್ಟನ್ನು ಮತ್ತೆ ಮತ್ತೆ ಓಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಅದು ಕಂಪ್ಯೂಟರ್‌ನಿಂದ ದೂರದ ಸರ್ವರ್‌ವರೆಗಿನ ಇಡೀ ದಾರಿಯನ್ನು ಒಟ್ಟಿಗೆ ಅಳೆಯುತ್ತದೆ. ಯಾವ ತುಂಡಿನಲ್ಲಿ ಅಡ್ಡಿಯಿದೆ ಎಂದು ಹೇಳುವುದಿಲ್ಲ. ಮೊದಲು ನೋಡಬೇಕಾದ್ದು ನೆಟ್‌ವರ್ಕ್ ಕಾರ್ಡ್ ಏನು ಹೇಳುತ್ತಿದೆ ಎಂಬುದನ್ನು. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಈಥರ್ನೆಟ್ ಪುಟದಲ್ಲಿ ಲಿಂಕ್ ಸ್ಪೀಡ್ ಎಂಬ ಸಾಲಿರುತ್ತದೆ, ಲಿನಕ್ಸ್‌ನಲ್ಲಾದರೆ ಈಥ್‌ಟೂಲ್ ಎಂಬ ಕಮಾಂಡ್. ನಿರೀಕ್ಷೆಯಂತೆ 100 ಎಂದಿತ್ತು. ಕಾರ್ಡ್ ಗಿಗಾಬಿಟ್‌ನದು, ರೂಟರ್‌ನ ಪೋರ್ಟ್‌ಗಳೂ ಗಿಗಾಬಿಟ್‌ನವು. ಎರಡನೆಯದನ್ನು ಖಾತ್ರಿ ಮಾಡಿಕೊಳ್ಳುವುದು ಮುಖ್ಯ: ಡಬ್ಬದ ಮೇಲೆ ವೈಫೈ ವೇಗವನ್ನು ಸಾವಿರಗಟ್ಟಲೆ ಬರೆದುಕೊಂಡು, ಹಿಂದೆ ಬರೀ 100ರ ಪೋರ್ಟ್‌ಗಳನ್ನು ಕೊಟ್ಟಿರುವ ರೂಟರ್‌ಗಳೂ ಇವೆ. ಅಂಥದ್ದಾಗಿದ್ದರೆ ಕೇಬಲ್ ಹಿಡಿದು ಒದ್ದಾಡಿ ಪ್ರಯೋಜನವಿಲ್ಲ.

ಕೇಬಲ್ ಕೆಟ್ಟರೆ ಸಂಪರ್ಕವೇ ಹೋಗಬೇಕಲ್ಲ, 100ರಲ್ಲಿ ಹೇಗೆ ಓಡುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಲ್ಯಾನ್ ಕೇಬಲ್‌ನಲ್ಲಿರುವುದು ಎಂಟು ತಂತಿ, ಎರಡೆರಡು ಹುರಿಗೊಂಡ ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಬೇಕಾದ್ದು 1, 2, 3, 6ನೇ ಪಿನ್‌ಗಳಲ್ಲಿರುವ ಎರಡು ಜೋಡಿ ಮಾತ್ರ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಎರಡೂ ತುದಿಯ ಉಪಕರಣಗಳು ವೇಗದ ಬಗ್ಗೆ ಮಾತುಕತೆ ನಡೆಸುವುದು ಆ ಮೊದಲ ಎರಡು ಜೋಡಿಯ ಮೇಲೆಯೇ. ಗಿಗಾಬಿಟ್ ಎಂದು ಒಪ್ಪಿಕೊಳ್ಳುತ್ತವೆ, ಪ್ರಯತ್ನಿಸುತ್ತವೆ, ಉಳಿದ ಜೋಡಿಗಳಲ್ಲಿ ಒಂದು ತಂತಿ ಕಡಿದಿದ್ದರೂ ಸೋಲುತ್ತವೆ. ಆಮೇಲೆ ಬಹುತೇಕ ಚಿಪ್‌ಗಳು ತಾವಾಗಿಯೇ 100ಕ್ಕೆ ಇಳಿದು ಕೂರುತ್ತವೆ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆಯುತ್ತಿರುವ ಮನೆಗಳು ಎಷ್ಟಿವೆಯೋ.

ನಮ್ಮಲ್ಲಿ ರೂಟರ್‌ನಿಂದ ಗೋಡೆಯೊಳಗಿನ ಪೈಪಿನಲ್ಲಿ ಒಂದು ಕೇಬಲ್ ಬಂದು ಸಾಕೆಟ್‌ಗೆ ಸೇರುತ್ತದೆ. ಸಾಕೆಟ್‌ನಿಂದ ಕೋಣೆಯ ಅಂಚಿನಗುಂಟ ಮೇಜಿನವರೆಗೆ ಇನ್ನೊಂದು ಉದ್ದದ ಕೇಬಲ್, ಹಿಂದೆ ಯಾರೋ ಕೈಯಲ್ಲೇ ಕ್ರಿಂಪ್ ಮಾಡಿಕೊಟ್ಟಿದ್ದು (ತುದಿಗೆ ಪ್ಲಗ್ ಒತ್ತಿ ಕೂರಿಸಿದ್ದು). ಲ್ಯಾಪ್‌ಟಾಪನ್ನು ಕಂಪನಿಯಲ್ಲೇ ತಯಾರಾದ ಗಿಡ್ಡ ಕೇಬಲ್‌ನಿಂದ ನೇರ ರೂಟರ್‌ಗೆ ಹಾಕಿದೆ: 1000. ಅದೇ ಲ್ಯಾಪ್‌ಟಾಪ್, ಅದೇ ಗಿಡ್ಡ ಕೇಬಲ್, ಈ ಸಲ ಗೋಡೆಯ ಸಾಕೆಟ್‌ಗೆ: 100. ಡೆಸ್ಕ್‌ಟಾಪ್, ಅದರ ಡ್ರೈವರ್, ರೂಟರ್ ಎಲ್ಲವೂ ಸಂಶಯದಿಂದ ಹೊರಬಿದ್ದವು. ಉಳಿದದ್ದು ಗೋಡೆ.

ಸಾಕೆಟ್ ಬಿಚ್ಚಿ ನೋಡಿದರೆ ಕಂದು ತಂತಿ ತನ್ನ ಸೀಳಿನಲ್ಲಿ ಪೂರ್ತಿ ಇಳಿದಿರಲಿಲ್ಲ. ಅಲ್ಲಿರುವ ಲೋಹದ ಅಲಗು ಪ್ಲಾಸ್ಟಿಕ್ ಹೊದಿಕೆಯನ್ನು ಕೊಯ್ದು ತಾಮ್ರವನ್ನು ಕಚ್ಚಿಕೊಳ್ಳಬೇಕು. ಇದು ಹೊದಿಕೆಯ ಮೇಲೇ ಕೂತಿತ್ತು. ಸ್ಕ್ರೂಡ್ರೈವರ್‌ನಿಂದ ಒತ್ತಿ ಕೂರಿಸಿದರೆ ಅಲಗು ಬಾಗುತ್ತದೆ, ತಂತಿ ಕೂರಿಸಲೆಂದೇ ಇರುವ ಪಂಚ್‌ಡೌನ್ ಟೂಲ್ ಬಳಸುವುದೇ ಸರಿ. ತುದಿಗಳನ್ನು ಕತ್ತರಿಸಿ ಎಂಟನ್ನೂ ಹೊಸದಾಗಿ ಕೂರಿಸಿದೆ, ಜೋಡಿಗಳ ಹುರಿಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚದಂತೆ. ಕ್ಯಾಟ್ 5ಇ ದರ್ಜೆಯ ಕೇಬಲ್‌ಗೆ ಇರುವ ಮಿತಿ ಅದು. ಡೆಸ್ಕ್‌ಟಾಪ್ 1000 ತೋರಿಸಿತು.

ಆದರೆ ಸ್ಪೀಡ್ ಟೆಸ್ಟ್ ಒಮ್ಮೆ 250, ಒಮ್ಮೆ 60. ಮುಂಚಿನ 94ಕ್ಕಿಂತಲೂ ಕಡೆ!

ಇಂಟರ್ನೆಟ್ಟನ್ನು ಲೆಕ್ಕದಿಂದ ಹೊರಗಿಡಲು ಲ್ಯಾಪ್‌ಟಾಪನ್ನು ರೂಟರ್‌ಗೆ ಸಿಕ್ಕಿಸಿ, ಅದಕ್ಕೂ ಡೆಸ್ಕ್‌ಟಾಪ್‌ಗೂ ನಡುವೆ ಐಪರ್ಫ್ (ಎರಡು ಕಂಪ್ಯೂಟರ್‌ಗಳ ನಡುವಿನ ವೇಗ ಅಳೆಯುವ ಪ್ರೋಗ್ರಾಂ) ಓಡಿಸಿದೆ. ಮನೆಯೊಳಗೇ ಏರಿಳಿತ. ಪಿಂಗ್ (ಪ್ಯಾಕೆಟ್ ಕಳಿಸಿ ಉತ್ತರ ಬರುವ ಹೊತ್ತು ನೋಡುವ ಪರೀಕ್ಷೆ) ಮಾತ್ರ ಅಪ್ಪಟ, ಒಂದು ಮಿಲಿಸೆಕೆಂಡಿನೊಳಗೆ ಉತ್ತರ. ವಿಂಡೋಸ್‌ನ ಪಿಂಗ್ ಕಳಿಸುವುದು 32 ಬೈಟಿನ ಪುಟ್ಟ ಪ್ಯಾಕೆಟ್. ಫ್ರೇಮ್ ಉದ್ದವಾದಷ್ಟೂ ನಡುವೆ ಒಂದು ಬಿಟ್ ಕೆಡುವ ಸಾಧ್ಯತೆ ಹೆಚ್ಚು, ಕೆಟ್ಟ ಫ್ರೇಮನ್ನು ಎದುರು ತುದಿ ಸದ್ದಿಲ್ಲದೆ ಎಸೆಯುತ್ತದೆ. ಗಾತ್ರವನ್ನು 1400ಕ್ಕೆ ಏರಿಸಿ ಪಿಂಗ್ ಮಾಡಿದಾಗ ಅಲ್ಲಲ್ಲಿ ಉತ್ತರ ತಪ್ಪತೊಡಗಿತು. ಕಾರ್ಡ್‌ನ ಅಂಕಿಅಂಶದಲ್ಲಿ ಸಿಆರ್‌ಸಿ ದೋಷಗಳ (ಚೆಕ್‌ಸಮ್ ತಾಳೆಯಾಗದ ಫ್ರೇಮ್‌ಗಳ) ಎಣಿಕೆಯೂ ಏರುತ್ತಿತ್ತು. ಸರಿಯಾದ ಕೇಬಲ್‌ನಲ್ಲಿ ಅದು ಸೊನ್ನೆಯಲ್ಲೇ ಇರಬೇಕು. ಒಂದೆರಡು ಪ್ಯಾಕೆಟ್ ಕಳೆದರೂ ಟಿಸಿಪಿ ದಾರಿಯಲ್ಲಿ ದಟ್ಟಣೆಯಿದೆ ಎಂದೇ ತಿಳಿದು ವೇಗ ಇಳಿಸುತ್ತದೆ, ಅದಕ್ಕೇ ಇಷ್ಟು ಹೊಡೆತ.

ಈಗ ಉಳಿದಿದ್ದು ಆ ಉದ್ದದ ಕೇಬಲ್. ಕೇಬಲ್ ಟೆಸ್ಟರ್‌ಗೆ ಹಾಕಿದರೆ ಎಂಟೂ ದೀಪ ವರಸೆಯಾಗಿ ಬೆಳಗಿದವು. ಪ್ಲಗ್ಗನ್ನು ಬೆಳಕಿಗೆ ಹಿಡಿದಾಗ ಗುಟ್ಟು ಕಂಡಿತು: ಕ್ರಿಂಪ್ ಮಾಡಿದವರು ಜೋಡಿಗಳನ್ನು ನೋಡಲು ಚೆಂದವಾಗಿ ಅಕ್ಕಪಕ್ಕ ಜೋಡಿಸಿದ್ದರು, ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಎರಡೆರಡರಂತೆ, ಎರಡೂ ತುದಿಯಲ್ಲಿ ಹಾಗೆಯೇ. ನಿಯಮದ ಪ್ರಕಾರ ಹಸಿರು ಜೋಡಿ 3 ಮತ್ತು 6ಕ್ಕೆ ಹೋಗಬೇಕು, ನೀಲಿ ಜೋಡಿ ಅದರ ನಡುವೆ 4 ಮತ್ತು 5ಕ್ಕೆ. ಇಲ್ಲಿ 3ಕ್ಕೆ ಹಸಿರು ಜೋಡಿಯ ತಂತಿ, 6ಕ್ಕೆ ನೀಲಿ ಜೋಡಿಯದು. ವಿದ್ಯುತ್ ಹರಿಯುತ್ತದೆ, ಆದ್ದರಿಂದ ಟೆಸ್ಟರ್‌ಗೆ ತಕರಾರಿಲ್ಲ. ಆದರೆ ಒಂದೇ ಸಂಕೇತವನ್ನು ಹೊರುವ ಎರಡು ತಂತಿಗಳು ಒಂದರೊಡನೊಂದು ಹುರಿಗೊಂಡಿಲ್ಲ, ಬೇರೆ ಸಂಕೇತದ ತಂತಿಯೊಡನೆ ಹುರಿಗೊಂಡಿವೆ. ಪಕ್ಕದ ಸಂಕೇತ ಇದರೊಳಗೆ ಸೋರದಂತೆ ತಡೆಯುವುದೇ ಆ ಹುರಿ. ಇದಕ್ಕೆ ಸ್ಪ್ಲಿಟ್ ಪೇರ್ ಎನ್ನುತ್ತಾರೆ. ದೀಪದ ಟೆಸ್ಟರ್‌ಗಳು ಇದನ್ನು ಹಿಡಿಯಲಾರವು.

ಒಂದು ದೋಷ ಇನ್ನೊಂದನ್ನು ಮರೆಮಾಡಿತ್ತು. ಗೋಡೆಯ ತಂತಿ ಸರಿಯಾಗುವವರೆಗೆ ಈ ಕೇಬಲ್ಲನ್ನು ಬದಲಿಸಿದ್ದರೂ ವೇಗದಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಎರಡೂ ತುದಿ ಕತ್ತರಿಸಿ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಮತ್ತೆ ಕ್ರಿಂಪ್ ಮಾಡಿದೆ. ಐಪರ್ಫ್ 940ರ ಹತ್ತಿರ ಹೋಗಿ ನಿಂತಿತು, ಸಿಆರ್‌ಸಿ ಎಣಿಕೆ ಕದಲಲಿಲ್ಲ.

ಅಂದಹಾಗೆ, ಇಂಥ ತೊಂದರೆಗೆ ಅಡಾಪ್ಟರ್‌ನ ಸ್ಪೀಡ್ ಅಂಡ್ ಡೂಪ್ಲೆಕ್ಸ್ ಸೆಟ್ಟಿಂಗನ್ನು ಆಟೋದಿಂದ ತೆಗೆದು ನಾವೇ ನಿಗದಿ ಮಾಡಬೇಕು ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ನಾನಂತೂ ಮುಟ್ಟುವುದಿಲ್ಲ. ಒಂದು ತುದಿಯನ್ನು 100 ಫುಲ್ ಡೂಪ್ಲೆಕ್ಸ್‌ಗೆ (ಒಟ್ಟಿಗೇ ಕಳಿಸುವುದು, ಪಡೆಯುವುದು) ಕಟ್ಟಿಹಾಕಿ ಇನ್ನೊಂದನ್ನು ಆಟೋದಲ್ಲಿ ಬಿಟ್ಟರೆ, ಆ ಇನ್ನೊಂದು ತುದಿ ಹಾಫ್ ಡೂಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ಕಡೆ) ಹೋಗುತ್ತದೆ. ಆಗ ಬರುವ ನಿಧಾನಗತಿ ಇದಕ್ಕಿಂತ ಘೋರ. ಗಿಗಾಬಿಟ್ ತಾಮ್ರದ ಕೇಬಲ್‌ಗೆ ಆಟೋ ಮಾತುಕತೆ ಹೇಗೂ ಕಡ್ಡಾಯ.

ಟಿವಿಗೆ ಹೋಗುವ ಕೇಬಲ್ ಈಗಲೂ 100ರಲ್ಲೇ ಇದೆ. ಅದನ್ನು ಬಿಚ್ಚಲಿಲ್ಲ, ಟಿವಿಯ ಪೋರ್ಟೇ 100ರದು. 4ಕೆ ಸಿನಿಮಾಗೆ 25 ಎಂಬಿಪಿಎಸ್ ಇದ್ದರೆ ಧಾರಾಳ.