80ಜಿ ರಸೀದಿ ಕೊಟ್ರೆ ಮುಗೀತು ಅನ್ಕೊಂಡಿದ್ದೆ

ನಮ್ದು ಬಡ ಮಕ್ಕಳ ಓದಿಗೆ ಸಹಾಯ ಮಾಡೋ ಸಣ್ಣ ಟ್ರಸ್ಟು, ಖಜಾಂಚಿ ನಾನು. ದಾನ ಕೊಟ್ಟೋರಿಗೆ ಆದಾಯ ತೆರಿಗೆ ಕಾಯ್ದೆಯ 80ಜಿ ಸೆಕ್ಷನ್ ಪ್ರಕಾರ ತೆರಿಗೆ ರಿಯಾಯ್ತಿ ಸಿಗಲಿ ಅಂತ ರಸೀದಿ ಕೊಡ್ತಿದ್ವಿ. 2024ರ ಜುಲೈ ಶುರುವಿನಲ್ಲಿ ಒಬ್ಬ ದಾನಿ ಫೋನ್ ಮಾಡಿ "ಏನ್ರೀ, ನಿಮ್ಮ ರಸೀದಿ ನಡೆಯಲ್ಲ ಅಂತಾರಲ್ರೀ ನಮ್ಮ ಆಡಿಟರು" ಅಂದಾಗ ನನಗೆ ತಲೆಬುಡ ಅರ್ಥ ಆಗ್ಲಿಲ್ಲ.

ವಿಚಾರ್ಸಿದ್ರೆ, ವರ್ಷದ ದಾನಿಗಳ ಪಟ್ಟೀನ ಮೇ 31ರೊಳಗೆ ಫಾರ್ಮ್ 10ಬಿಡಿಯಲ್ಲಿ ಹಾಕ್ಬೇಕಿತ್ತಂತೆ, ಆಮೇಲೆ ಆದಾಯ ತೆರಿಗೆ ಇಲಾಖೆ ಪೋರ್ಟಲ್ಲಿಂದ ಬರೋ 10ಬಿಇ ಸರ್ಟಿಫಿಕೇಟ್ ಇದ್ರೇನೇ ದಾನಿಗೆ ತೆರಿಗೆ ರಿಯಾಯ್ತಿ ಸಿಗ್ತಿತ್ತು. ತಡ ಆದ್ರೆ ದಿನಕ್ಕೆ 200 ರೂಪಾಯಿ, ಮೇಲೆ 10 ಸಾವಿರದಿಂದ 1 ಲಕ್ಷದವರೆಗೆ ದಂಡ ಹಾಕೋಕೂ ಅವಕಾಶ ಇತ್ತು!

ಲಾಗಿನ್ ಮಾಡಕ್ಕೆ ಹೋದ್ರೆ ಓಟಿಪಿ ಹೋಗ್ತಿರೋದು ಹಳೇ ಕಾರ್ಯದರ್ಶಿ ಮೊಬೈಲ್‌ಗೆ, ಅವರು ಜಗಳ ಆಡ್ಕೊಂಡು ಬಿಟ್ಟು ಹೋದೋರು. ನಿಜ ಹೇಳ್ತೀನಿ, ಕಾನೂನಿಗಿಂತ ಇದೇ ಕಷ್ಟ ಆಗಿದ್ದು. ಕಮಿಟಿಯಲ್ಲಿ ಠರಾವು ಮಾಡಿ, ಅವರ ಮನೆಗೇ ಹೋಗಿ ಕಾಫಿ ಕುಡಿದು "ಸಾರ್, ಮಕ್ಕಳ ಮುಖ ನೋಡಿ" ಅಂದೆ, ಪಾಪ ಅಲ್ಲೇ ಕೂತು ಓಟಿಪಿ ಕೊಟ್ರು, ಪ್ರೊಫೈಲಲ್ಲಿ ಹೊಸ ಅಧ್ಯಕ್ಷರ ನಂಬರ್ ಹಾಕಿದ್ವಿ.

ಪ್ಯಾನ್ ಕೊಡದೇ ಇದ್ದ 11 ಜನಕ್ಕೆ ಒಬ್ಬೊಬ್ರಿಗೂ ಫೋನ್ ಮಾಡಿ ಪ್ಯಾನೋ ಆಧಾರೋ ಇಸ್ಕೊಂಡು ಜುಲೈ 10ಕ್ಕೆ ಫೈಲ್ ಮಾಡಿದೆ. 40 ದಿನಕ್ಕೆ 8,000 ರೂಪಾಯಿ, ಮಕ್ಕಳ ದುಡ್ಡು ಮುಟ್ಟದೆ ಕಮಿಟಿಯವರೇ ಹಂಚ್ಕೊಂಡು ಕಟ್ಟಿದ್ವಿ. 2,000 ದಾಟಿದ ಕ್ಯಾಶ್‌ಗೆ ರಿಯಾಯ್ತಿ ಇಲ್ಲ ಅನ್ನೋದೂ ಆಗ್ಲೇ ಗೊತ್ತಾಗಿದ್ದು, ಈಗ ರಸೀದಿ ಬುಕ್ಕಿನ ಮೇಲೇ ಬರೆಸಿದೀವಿ.