ತಾಳೆ ಗುರುತುಗಳು ತೋರಿಸಿದ್ದು

ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಸಾಮಾಜಿಕ ನ್ಯಾಯವೇನಿದ್ದರೂ ಸಮಾಜ ವಿಜ್ಞಾನದ ಪಾಠಕ್ಕೆ ಸೇರಿದ್ದೆಂದು ಬಹಳ ವರ್ಷ ನಂಬಿದ್ದೆ. ಏಳನೆಯ ತರಗತಿಯ ದತ್ತಾಂಶ ನಿರ್ವಹಣೆಯ ಪಾಠ ಆ ನಂಬಿಕೆಯನ್ನು ಬಿಡಿಸಿತು.

ನಮ್ಮ ಕೋಣೆಯದೇ ಲೆಕ್ಕ ಹಿಡಿಯೋಣವೆಂದು, ಎರಡು ವಾರಗಳ ಕಾಲ ಯಾರು ಕಸ ಗುಡಿಸಿದರು, ಯಾರು ಕುಡಿಯುವ ನೀರಿನ ಕೊಡ ತುಂಬಿ ತಂದರು, ಯಾರನ್ನು ನಾನು ಬೋರ್ಡಿಗೆ ಕರೆದೆ ಎಂಬುದನ್ನು ಹಾಜರಿ ಸಂಖ್ಯೆಯ ಮುಂದೆ ತಾಳೆ ಗುರುತು (ಪ್ರತಿ ಎಣಿಕೆಗೆ ಒಂದು ಗೆರೆ) ಹಾಕಿ ದಾಖಲಿಸಲು ಮಕ್ಕಳಿಗೆ ಹೇಳಿದೆ. ಕಸದ ಲೆಕ್ಕದಲ್ಲಿ ಗಂಡುಮಕ್ಕಳ ಮುಂದೆ ಒಂದು ಗೆರೆಯೂ ಇರಲಿಲ್ಲ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ತನ್ನ ಸಂಖ್ಯೆಯ ಮುಂದಿನ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಟೀಚರ್, ನನ್ನ ಬೋರ್ಡಿಗೆ ನೀವು ಒಮ್ಮಿನೂ ಕರದಿಲ್ರೀ" ಎಂದಳು. ಅವಳು ದೂರುತ್ತಿರಲಿಲ್ಲ, ಲೆಕ್ಕದ ಉತ್ತರ ಹೇಳುತ್ತಿದ್ದಳು. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಮಕ್ಕಳು ಬರೆದ ಸ್ತಂಭಾಲೇಖದಲ್ಲಿ ಕಾಣದ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಕೊಡ ತುಂಬಲು ಹೋದವರಲ್ಲಿ ದಲಿತ ಕೇರಿಯ ಮಗು ಒಂದೂ ಇರಲಿಲ್ಲ. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ. ಜಾತಿಯ ಕಲಂ ಸೇರಿಸಿದ್ದರೆ ಇದು ಎಲ್ಲರಿಗೂ ಎದ್ದು ಕಾಣುತ್ತಿತ್ತು, ಆದರೆ ನಾನು ಸೇರಿಸಲಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಬಂದಾಗ ತುಂಬಿದ ತರಗತಿಯಲ್ಲಿ "ಎಸ್‌ಸಿ ಮಕ್ಕಳು ಎದ್ದು ನಿಲ್ಲಿ" ಎಂದು ಕೂಗುವ ರೂಢಿಯನ್ನು ಒಂದು ಕಾಲಕ್ಕೆ ನಾನೂ ಪಾಲಿಸಿದ್ದೆ. ಆಗ ತಲೆ ತಗ್ಗಿಸಿ ಎದ್ದ ಮಕ್ಕಳು ಇಂದಿಗೂ ಕಣ್ಣ ಮುಂದಿದ್ದಾರೆ. ಅನ್ಯಾಯವನ್ನು ತೋರಿಸುವ ಭರದಲ್ಲಿ ಅದನ್ನು ಉಂಡ ಮಗುವನ್ನೇ ಮತ್ತೆ ಎಬ್ಬಿಸಿ ನಿಲ್ಲಿಸುವುದು ತಪ್ಪೆಂದು ನಾನು ದೃಢವಾಗಿ ನಂಬಿದ್ದೇನೆ. (ಆ ಅರ್ಜಿಗಳನ್ನು ಈಗ ಪೋಷಕರ ಕೈಗೇ ಕೊಡುತ್ತೇನೆ.)

ಹಾಜರಿ ಸಂಖ್ಯೆಯ ಪ್ರಕಾರ ದಿನಕ್ಕಿಬ್ಬರಂತೆ ಸರದಿ ಹಾಕಿದೆವು: ಕಸವೂ ನೀರೂ ಅದೇ ಇಬ್ಬರದು, ಅಂದಿನ ಮೊದಲ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸುವವರೂ ಅವರೇ. ಅದೇ ವಾರ ಮಹಾರಾಷ್ಟ್ರದ ಮಹಾಡ ಊರಿನ ಕೆರೆಯ ವಿಷಯ ಹೇಳಿದೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯಿಸಿದ್ದರೂ, 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಜನರೊಂದಿಗೆ ನಡೆದುಹೋಗಿ ಚವದಾರ ಕೆರೆಯ ನೀರು ಕುಡಿಯುವವರೆಗೆ ಅಲ್ಲಿ ಆ ನಿರ್ಣಯ ಕಾಗದದ ಮೇಲೆಯೇ ಉಳಿದಿತ್ತು. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆಗಳ ಹೆಸರು ಏಕೆ ಬಂದಿದೆ ಎಂಬ ಪ್ರಶ್ನೆಗೆ ಉತ್ತರವನ್ನು ಮಕ್ಕಳೇ ಹೇಳಿದರು.

ಸರದಿಯ ಮೂರನೆಯ ದಿನ ತಂದೆಯೊಬ್ಬರು ಬಂದು, "ನಮ್ಮ ಮನಿ ಹುಡುಗ ಕಸಬರಿಗಿ ಹಿಡಿಯೂದಿಲ್ರೀ ಟೀಚರ್" ಎಂದರು. ವಾದಕ್ಕಿಳಿಯದೆ ಗೋಡೆಯ ಮೇಲಿನ ಪಟ್ಟಿಯನ್ನು ತೋರಿಸಿದೆ. ಶನಿವಾರದ ಸಾಲಿನಲ್ಲಿ ನನ್ನ ಹೆಸರೂ ಇತ್ತು. ಅವರು ಒಪ್ಪಲಿಲ್ಲ, ಆದರೆ ಹುಡುಗನನ್ನು ಶಾಲೆ ಬಿಡಿಸಲೂ ಇಲ್ಲ.

ಮೂರು ತಿಂಗಳ ನಂತರ ಮತ್ತೆ ಲೆಕ್ಕ ಹಿಡಿದೆವು. ಕಸದ ಸ್ತಂಭಗಳು ಸರಿಸಮವಾಗಿದ್ದವು. ಬೋರ್ಡಿನದು ಹತ್ತಿರ ಬಂದಿತ್ತು, ಸರದಿಯಾಚೆ ನಾನೇ ಆರಿಸಿ ಕರೆಯುವಾಗ ಮಾತ್ರ ಕೈ ಇನ್ನೂ ಮುಂದಿನ ಬೆಂಚಿನತ್ತಲೇ ಹೋಗುತ್ತಿತ್ತು. ಕೇರಿಯ ಮಕ್ಕಳು ಕೊಡ ತುಂಬುವ ದಿನಗಳಲ್ಲಿ ಒಬ್ಬ ಹುಡುಗ ಮನೆಯಿಂದ ನೀರಿನ ಬಾಟಲಿ ತರುವುದು ಯಾವ ಕೋಷ್ಟಕದಲ್ಲೂ ಇರಲಿಲ್ಲ. ಅವನ ಮನೆಗೆ ಎರಡು ಸಲ ಹೋಗಿ ಮಾತಾಡಿದ್ದೇನೆ. ಜಾತ್ರೆ ಮುಗಿದ ಮೇಲೆ ಮತ್ತೆ ಹೋಗುವವಳಿದ್ದೇನೆ.