ಮೈನಸ್ 20ರಲ್ಲಿ ಡೀಸೆಲ್ ಗಾಡಿ ಸ್ಟಾರ್ಟ್ ಮಾಡುವುದು ಹೇಗೆ?

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕಾಜಾ. ಜನವರಿಯ ಬೆಳಿಗ್ಗೆ ಏಳೂವರೆ. ಸೆಲ್ಫ್ ಹೊಡೆದೆವು, ಗಾಡಿ ಹತ್ತಿಕೊಂಡಿತು. ಅರ್ಧ ನಿಮಿಷ ಓಡಿ ನಿಂತೇಹೋಯಿತು. ಮತ್ತೆ ಹೊಡೆದರೆ ಎಂಜಿನ್ ಬರೀ ತಿರುಗುತ್ತದೆ. ಹೋಂಸ್ಟೇ ಯಜಮಾನರು ಚಹಾ ಲೋಟ ಹಿಡಿದುಕೊಂಡೇ ಹೊರಬಂದರು. ಬ್ಯಾಟರಿ ಬಗ್ಗೆ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, ‘ಡೀಸೆಲ್ ಎಲ್ಲಿ ಹಾಕಿಸಿದಿರಿ?’

ಚಂಡೀಗಡದಲ್ಲಿ ಟ್ಯಾಂಕ್ ತುಂಬಿಸಿದ್ದೆವು. ದಾರಿಯಲ್ಲಿ ಮತ್ತೆ ಹಾಕಿಸಿರಲಿಲ್ಲ. ತಪ್ಪು ಅಲ್ಲೇ ಆಗಿತ್ತು.

ಶಿಮ್ಲಾ, ಕಿನ್ನೌರ್ ಮೂಲಕ ಹೋಗುವ ರಸ್ತೆ ಚಳಿಗಾಲದಲ್ಲೂ ಸಾಮಾನ್ಯವಾಗಿ ತೆರೆದಿರುತ್ತದೆ. ಬೆಂಗಳೂರು, ಹುಬ್ಬಳ್ಳಿ ಕಡೆಯಿಂದಲೂ ಜನ ಸ್ವಂತ ಗಾಡಿಯಲ್ಲಿ ಸ್ಪಿತಿಗೆ ಹೊರಡುತ್ತಾರೆ. ಹೊರಡುವವರಿಗೆ ಒಂದು ಮಾತು: ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತದೋ ಇಲ್ಲವೋ ಅನ್ನುವುದು ಹಿಂದಿನ ದಿನವೇ ತೀರ್ಮಾನವಾಗಿರುತ್ತದೆ.

ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರ್ ಒಳಗಿನ ಗಾಳಿಯನ್ನು ಸುಮಾರು 16 ಪಟ್ಟು ಒತ್ತಿದಾಗ ಅದು 500 ಡಿಗ್ರಿ ದಾಟುತ್ತದೆ. ಆ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದಲ್ಲ, ಅದೇ ಕೆಲಸ. ವಿಪರೀತ ಚಳಿಯಲ್ಲಿ ತಣ್ಣಗಿನ ಕಬ್ಬಿಣ ಆ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಆಯಿಲ್ ಮಂದವಾಗಿ ಎಂಜಿನ್ ನಿಧಾನ ತಿರುಗುತ್ತದೆ. ಕಾಜಾದಂಥ ಎತ್ತರದಲ್ಲಿ ಗಾಳಿಯ ಒತ್ತಡವೂ ಸಮುದ್ರ ಮಟ್ಟದ ಸುಮಾರು ಮೂರನೇ ಎರಡು ಪಾಲಷ್ಟೇ. ಒತ್ತಲು ಗಾಳಿಯೇ ಕಡಿಮೆ.

ಊರು ಬಿಡುವ ಮುಂಚೆ

ಎಂಜಿನ್ ಆಯಿಲ್ ಡಬ್ಬದ ಮೇಲೆ 15ಡಬ್ಲ್ಯೂ-40 ಅಂತೇನೋ ಬರೆದಿರುತ್ತದೆ. ‘ಡಬ್ಲ್ಯೂ’ ಅಂದರೆ ವಿಂಟರ್. ಅದಕ್ಕಿಂತ ಮುಂಚೆ ಬರುವ ಅಂಕಿ ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ತೆಳ್ಳಗಿರುತ್ತದೆ. 15 ಇರುವುದನ್ನು ಮೈನಸ್ 20ರಲ್ಲಿ, 5 ಇರುವುದನ್ನು ಮೈನಸ್ 30ರಲ್ಲಿ ಪರೀಕ್ಷೆ ಮಾಡಿರುತ್ತಾರೆ. ನಿಮ್ಮ ಗಾಡಿಯ ಕೈಪಿಡಿ ಒಪ್ಪಿದರೆ 5ರದ್ದನ್ನೇ ಹಾಕಿಸಿ.

ಎಂಜಿನ್ ತಣ್ಣಗಿಡುವ ಕೂಲಂಟ್ ವಿಷಯದಲ್ಲಿ ನಮ್ಮವರಿಗೆ ಉದಾಸೀನ ಜಾಸ್ತಿ. ಮಟ್ಟ ಇಳಿದರೆ ನಲ್ಲಿ ನೀರು ಸುರಿದು ಬಿಡುತ್ತೇವೆ. ಬೆಂಗಳೂರಿನಲ್ಲಿ ಹೇಗೋ ನಡೆಯುತ್ತದೆ. ಸ್ಪಿತಿಯಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕ್ ಸೀಳಿಹೋಗಬಹುದು. ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆತ ಕೂಲಂಟ್ ಮೈನಸ್ 35ರ ಆಸುಪಾಸಿನವರೆಗೂ ಗಟ್ಟಿಯಾಗುವುದಿಲ್ಲ. ಬ್ಯಾಟರಿ ಹಳೆಯದಾಗಿದ್ದರೆ ಬದಲಿಸಿ. ಮೈನಸ್ 18ರ ಹೊತ್ತಿಗೆ ಅದರ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ.

ಡೀಸೆಲ್ ಯಾವುದು?

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಬೆಳ್ಳಗೆ ಗಟ್ಟಿಯಾಗಿರುತ್ತದೆ, ಅಲ್ವಾ? ಡೀಸೆಲ್‌ನದ್ದೂ ಅದೇ ಕಥೆ. ಅದರಲ್ಲಿರುವ ಮೇಣ ಚಳಿಗೆ ಸಣ್ಣ ಹರಳುಗಳಾಗುತ್ತದೆ. ಟ್ಯಾಂಕ್ ಪೂರ್ತಿ ಗಟ್ಟಿಯಾಗಬೇಕಿಲ್ಲ, ಹರಳುಗಳು ಫಿಲ್ಟರಿಗೆ ಅಡ್ಡ ಕೂತರೆ ಸಾಕು. ಮಾಮೂಲಿ ಡೀಸೆಲ್‌ ಚಳಿಗಾಲದಲ್ಲಿ ಪ್ಲಸ್ 6 ಡಿಗ್ರಿಯಲ್ಲಿ ಫಿಲ್ಟರ್ ದಾಟಿದರೆ ಸಾಕು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಪ್ಲಸ್ 6, ಮೈನಸ್ ಅಲ್ಲ!

ಇದಕ್ಕೆಂದೇ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಲಡಾಖ್‌ಗಾಗಿ ವಿಶೇಷ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಪಾಣಿಪತ್ ರಿಫೈನರಿಯಲ್ಲಿ ತಯಾರಾದ ಅದು ಮೈನಸ್ 33ರವರೆಗೂ ಹರಿಯುತ್ತದೆ. ನೀವು ಹೋಗುವ ಕಡೆ ಪಂಪ್‌ನಲ್ಲಿ ಚಳಿಗಾಲದ ಡೀಸೆಲ್ ಇದೆಯಾ ಎಂದು ಮೊದಲೇ ವಿಚಾರಿಸಿ. ಬೆಟ್ಟದ ಕೆಳಗಿನ ಊರಲ್ಲಿ ಹಾಕಿಸಿದ ಡೀಸೆಲ್ ಖಾಲಿಯಾಗುತ್ತ ಬಂದಾಗ ಬೆಟ್ಟದ ಮೇಲಿನ ಪಂಪಿನದ್ದನ್ನು ತುಂಬಿಸಿಕೊಳ್ಳುವಂತೆ ಲೆಕ್ಕ ಹಾಕಿ. ಅದು ಸಿಗದಿದ್ದರೆ ಮೇಣ ಕಟ್ಟದಂತೆ ತಡೆಯುವ ದ್ರವದ ಬಾಟಲಿ ಸಿಗುತ್ತದೆ. ಅದನ್ನು ಡೀಸೆಲ್ ತೆಳ್ಳಗಿರುವಾಗಲೇ ಬೆರೆಸಬೇಕು. ಗಟ್ಟಿಯಾದ ಮೇಲೆ ಸುರಿದರೆ ದುಡ್ಡು ದಂಡ. ಸೀಮೆಎಣ್ಣೆ ಬೆರೆಸುವ ಹಳೆ ಉಪಾಯ ಹೇಳುವವರು ಸಿಗುತ್ತಾರೆ. ಭಾರಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಈಗಿನ ಕಾಮನ್ ರೇಲ್ ಎಂಜಿನ್ನಿನ ಪಂಪ್‌ಗೆ ಡೀಸೆಲ್‌ನ ಜಿಡ್ಡೇ ಗ್ರೀಸ್. ಸೀಮೆಎಣ್ಣೆ ಅದನ್ನು ತೆಗೆದುಬಿಡುತ್ತದೆ. ಬೇಡ.

ಸಂಜೆ

ಗಾಳಿಗೆ ಮರೆಯಾಗಿ, ಬೆಳಗಿನ ಬಿಸಿಲು ಬಾನೆಟ್‌ಗೆ ಬೀಳುವಂತೆ ನಿಲ್ಲಿಸಿ. ಟ್ಯಾಂಕ್ ತುಂಬಿರಲಿ. ಖಾಲಿ ಜಾಗದ ತೇವ ನೀರಾಗಿ ಡೀಸೆಲ್‌ಗೆ ಸೇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ರಾತ್ರಿ ಅದು ಹಿಡಿದುಕೊಂಡು ಬಿಡುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಬಾನೆಟ್ ಮೇಲೆ ಹಳೆ ಕಂಬಳಿ ಹೊದಿಸಬಹುದು. ಸ್ಥಳೀಯ ಡ್ರೈವರ್‌ಗಳಲ್ಲಿ ಕೆಲವರು ನಡುರಾತ್ರಿ ಎದ್ದು ಹದಿನೈದಿಪ್ಪತ್ತು ನಿಮಿಷ ಎಂಜಿನ್ ಓಡಿಸಿ ಮಲಗುತ್ತಾರೆ. ಕೆನಡಾದ ಎಡ್ಮಂಟನ್‌ನಂಥ ಊರುಗಳಲ್ಲಿ ಈ ತಾಪತ್ರಯವಿಲ್ಲ. ಎಂಜಿನ್ನಿಗೇ ಹೀಟರ್ ಕೂಡಿಸಿ, ರಾತ್ರಿ ಮೊಬೈಲ್ ಚಾರ್ಜಿಗೆ ಇಟ್ಟಂತೆ ಗಾಡಿಗೆ ಪ್ಲಗ್ ಚುಚ್ಚುತ್ತಾರೆ.

ಬೆಳಿಗ್ಗೆ

ಕಂಬಳಿ ತೆಗೆಯಿರಿ. ಲೈಟು, ಫ್ಯಾನು, ಮ್ಯೂಸಿಕ್ ಎಲ್ಲ ಆಫ್ ಇರಲಿ. ಕೀಯನ್ನು ಆನ್‌ವರೆಗೆ ಮಾತ್ರ ತಿರುಗಿಸಿ. ಮೀಟರಿನಲ್ಲಿ ಸುರುಳಿಯಂಥ ಹಳದಿ ದೀಪ ಬರುತ್ತದೆ. ಹೀಟರ್ ಪ್ಲಗ್‌ಗಳು ಸಿಲಿಂಡರ್ ಒಳಗೆ ಬಿಸಿ ಕೊಡಲು ಕೆಂಪಗೆ ಕಾಯುತ್ತಿವೆ ಎಂದರ್ಥ. ನಮ್ಮೂರಿನಲ್ಲಿ ಆ ದೀಪ ಕಣ್ಣಿಗೆ ಬೀಳುವ ಮೊದಲೇ ಆರಿಹೋಗುತ್ತದೆ, ಅದಕ್ಕೇ ಯಾರೂ ಕಾಯುವುದಿಲ್ಲ. ಇಲ್ಲಿ ಕಾಯಿರಿ. ಆರಿದ ಮೇಲೆ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ. ಹೀಗೆ ಎರಡು ಮೂರು ಸಲ.

ಈಗ ಗೇರ್ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಪೂರ್ತಿ ಒತ್ತಿ, ಸೆಲ್ಫ್ ಹೊಡೆಯಿರಿ. ಒಮ್ಮೆಗೆ ಹತ್ತು ಹದಿನೈದು ಸೆಕೆಂಡ್ ಸಾಕು. ಹತ್ತದಿದ್ದರೆ ಎರಡು ನಿಮಿಷ ಬಿಟ್ಟು ಮತ್ತೆ ಮೊದಲಿನಿಂದ. ಆಕ್ಸಿಲರೇಟರ್ ತುಳಿದು ಪ್ರಯೋಜನವಿಲ್ಲ. ಎಷ್ಟು ಡೀಸೆಲ್ ಬಿಡಬೇಕು ಎನ್ನುವುದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ.

ಆದರೂ ಹತ್ತದಿದ್ದರೆ? ಗಾಬರಿಯಲ್ಲಿ ಸುಮ್ನೆ ಸೆಲ್ಫ್ ಹೊಡೆಯುತ್ತ ಹೋಗಬೇಡಿ. ಒಬ್ಬರು ಹೊರಗೆ ನಿಂತು ಸೈಲೆನ್ಸರ್ ನೋಡಲಿ, ಒಳಗಿದ್ದವರು ಕಿವಿ ಕೊಡಲಿ. ಎಂಜಿನ್ ನರಳುತ್ತ ನಿಧಾನ ತಿರುಗಿದರೆ ಬ್ಯಾಟರಿ ಅಥವಾ ಆಯಿಲ್. ಜೋರಾಗಿ ತಿರುಗುತ್ತಿದೆ, ಬಿಳಿ ಹೊಗೆಯೂ ಬರುತ್ತಿದೆ ಎಂದರೆ ಡೀಸೆಲ್ ಬರುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಹೀಟರ್ ಪ್ಲಗ್ ಮೇಲೆ ಅನುಮಾನ ಪಡಿ. ಜೋರಾಗಿ ತಿರುಗಿಯೂ ಹೊಗೆಯೇ ಇಲ್ಲವಾದರೆ ಡೀಸೆಲ್ ಬರುತ್ತಲೇ ಇಲ್ಲ. ಬಹುತೇಕ ಫಿಲ್ಟರಿನಲ್ಲಿ ಮೇಣ. ನಮ್ಮದು ಈ ಮೂರನೆಯದು.

ಬ್ಯಾಟರಿ ಕೈಕೊಟ್ಟಿದ್ದರೆ ಇನ್ನೊಂದು ಗಾಡಿಯಿಂದ ಜಂಪರ್ ಕೇಬಲ್ ಕೊಡಬಹುದು. ಕೆಂಪು ಕೇಬಲ್ ಎರಡೂ ಪ್ಲಸ್‌ಗೆ. ಕಪ್ಪಿನದು ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ನಿಂತ ಗಾಡಿಯ ಎಂಜಿನ್ ಲೋಹಕ್ಕೆ. ಬ್ಯಾಟರಿ ಉಬ್ಬಿದ್ದರೆ ಒಳಗೆ ಹೆಪ್ಪುಗಟ್ಟಿದೆ ಎಂದು ತಿಳಿಯಿರಿ. ಅದಕ್ಕೆ ಕೇಬಲ್ ಮುಟ್ಟಿಸಬೇಡಿ, ಸಿಡಿಯಬಹುದು. ಏರ್ ಫಿಲ್ಟರಿಗೆ ಈಥರ್ ಸ್ಪ್ರೇ ಹೊಡೆಯುವುದೂ ಬೇಡ. ಕಾದ ಹೀಟರ್ ಪ್ಲಗ್‌ಗೆ ಅದು ತಾಗಿದರೆ ಒಳಗೇ ಢಮ್ ಎನ್ನುತ್ತದೆ. ಟ್ಯಾಂಕ್ ಕೆಳಗೆ ಬೆಂಕಿ ಹಾಕುವ ಲಾರಿಯವರನ್ನು ನೋಡಿ ಕಲಿಯಬೇಡಿ. ಈಗಿನ ಗಾಡಿಯ ಅಡಿಯೆಲ್ಲ ಪ್ಲಾಸ್ಟಿಕ್ಕು, ವೈರು.

ಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ಬಿಳಿ ಹೊಗೆ, ಕಟಕಟ ಸದ್ದು ಇದ್ದೇ ಇರುತ್ತದೆ. ರೇಸ್ ಮಾಡಬೇಡಿ, ಎಂಜಿನ್ನಿಗೆ ಗಾಳಿ ತುರುಕುವ ಟರ್ಬೋಗೆ ಆಯಿಲ್ ತಲುಪಬೇಕು. ಮೂರ್ನಾಲ್ಕು ನಿಮಿಷ ಬಿಟ್ಟು ಮೆಲ್ಲಗೆ ಹೊರಡಿ. ಡೀಸೆಲ್ ಎಂಜಿನ್ ನಿಂತಲ್ಲೇ ಬೇಗ ಬಿಸಿಯಾಗುವುದಿಲ್ಲ, ಓಡಿದರೇ ಬಿಸಿ.

ಅವತ್ತು ನಮ್ಮ ಯಜಮಾನರು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಡೀಸೆಲ್ ಫಿಲ್ಟರಿಗೆ ಸುತ್ತುತ್ತ, ತಣ್ಣಗಾದಂತೆ ಬದಲಿಸುತ್ತ ಕೂತರು. ಬಿಸಿಲು ಬಾನೆಟ್ ಮೇಲೆ ಬಂತು. ಗಾಡಿ ಹತ್ತಿಕೊಂಡಾಗ ಹನ್ನೊಂದೂವರೆ. ಅಷ್ಟರಲ್ಲಿ ನಾಲ್ಕು ಸಲ ಚಹಾ ಆಗಿತ್ತು.